ದಂಡೆಯ ಮೇಲೆ ಯಾರೂ ಇರಬಾರದು

ಟ್ರಂಕಿನಲ್ಲಿದ್ದ ಕೊನೆಯ ಸೀರೆಯನ್ನೂ ರಾಚವ್ವ ಕೊಡವಿ ನೋಡಿದಳು. ಗಂಡನ ಫೋಟೋ ಸಿಗಲಿಲ್ಲ. ಭಾಂಡುಪಿನ ಚಾಳಿನ ಆ ಒಂದೇ ಕೋಣೆಯಲ್ಲಿ, ಅವಳ ಬೆನ್ನ ಹಿಂದೆಯೇ, ಗಂಡಸರು ದಾನಪ್ಪನ ದೇಹಕ್ಕೆ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂಡಿಸುತ್ತಿದ್ದರು. ಲಿಂಗ ಕಟ್ಟಿದವರ ಪದ್ಧತಿಯಂತೆ ಅವನು ಕೂತೇ ಮಣ್ಣಿಗೆ ಹೋಗಬೇಕು.

ಬಾಂದ್ರಾದ ಸ್ಟುಡಿಯೋದಲ್ಲಿ ಹದಿನಾಲ್ಕು ವರ್ಷ ಕಂಡವರ ಮುಖಗಳನ್ನೆಲ್ಲ ತಿದ್ದಿದವನು. ಅವನದೇ ಒಂದು ಫೋಟೋ ಮನೆಯಲ್ಲಿರಬೇಡವೇ? ಇರಲಿಲ್ಲ ನೋಡಿ. ಸಿಡುಬಿನ ಕಲೆ ಅಳಿಸಿದ, ಬೋಳುತಲೆಗೆ ಕೂದಲು ಬರೆದ. ಅದಕ್ಕಿಂತ ಹೆಚ್ಚಾಗಿ ಕೆರೆಯ ಚಿತ್ರಗಳನ್ನು ಚೆಂದ ಮಾಡಿದ. ಮಾಲಕ ಪೊವಾಯಿ ಕೆರೆಯ ಸುತ್ತ ಕ್ಯಾಮೆರಾ ಹೊತ್ತು ತಿರುಗಿ ತಂದ ಗಾಜಿನ ಪ್ಲೇಟುಗಳಲ್ಲಿ ಬೋಳು ಆಕಾಶಕ್ಕೆ ಮೋಡ ತುಂಬುವುದು, ತಂತಿಕಂಬ ಕೀಳುವುದು, ಬಟ್ಟೆ ಒಗೆಯುವವರನ್ನು ದಂಡೆಯಿಂದ ಎಬ್ಬಿಸಿ ಕಳಿಸುವುದು, ಎಲ್ಲ ಅವನ ಪೆನ್ಸಿಲು, ಬ್ಲೇಡು, ಕುಂಚದ ಕೆಲಸ. ಟಚಿಂಗ್ ಅನ್ನುತ್ತಿದ್ದರು ಅದಕ್ಕೆ.

ಅಣ್ಣ ಪರಪ್ಪ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. ನಾಲ್ಕಕ್ಕೆ ಎತ್ತಬೇಕು, ರಾತ್ರಿ ಗಾಡಿಗೆ ತಂಗಿಯನ್ನು ಬಿಜಾಪುರದ ಕಡೆ ಕರೆದೊಯ್ಯಬೇಕು, ಕೋಣೆ ನಾಳೆ ಬೇರೆಯವರಿಗೆ. ಬೇಕಿದ್ದರೆ ಸ್ಟೇಶನ್ ಹತ್ತಿರದ ಫೋಟೋದವನನ್ನು ಕರೆಸೋಣ, ಕೂಡಿಸಿದ್ದಾಗಲೇ ಒಂದು ತೆಗೆಯಲಿ ಎಂದ.

ರಾಚವ್ವ ಬೇಡವೆಂದಳು. ಅಂಥ ಫೋಟೋಗಳು ಅವಳಿಗೆ ಹೊಸವಲ್ಲ. ಸತ್ತವರನ್ನು ಕೂಡಿಸಿ ತೆಗೆದ ಚಿತ್ರಗಳು ಸ್ಟುಡಿಯೋಕ್ಕೆ ಬಂದರೆ, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದವನು ದಾನಪ್ಪನೇ.

"ಇವರ ಕಣ್ಣು ಯಾರು ಬರೀತಾರ ಅಣ್ಣಾ?" ಎಂದಳು.

ಅವಳಿಗೆ ಉಳಿದಿದ್ದ ಆಸೆ ಒಂದೇ. ಡಾರ್ಕ್‌ರೂಮಿನಲ್ಲಿ ಗಂಡನ ಜೊತೆಗಿದ್ದ ಕೊರಗ ಬೆಳಿಗ್ಗೆ ಸುದ್ದಿ ತಿಳಿದು ಓಡಿಬಂದಿದ್ದ. ಅವನ ಕೈ ಹಿಡಿದು ಕೇಳಿಕೊಂಡಿದ್ದಳು. "ಕೊರಗಣ್ಣಾ, ಕೆರೀ ದಂಡ್ಯಾಗ ನಮ್ಮಿಬ್ಬರದೂ ಒಂದು ತಗದಿದ್ರು. ಹೆಂಗಾರ ಮಾಡಿ ತಂದುಕೊಡ್ರಿ. ಇಲ್ಲಾಂದ್ರ ಮುಖಾನೇ ಮರತು ಹೋಗ್ತೈತಿ ನನಗ." ಕೊರಗ ಏನೋ ಹೇಳಲು ಬಾಯಿ ತೆರೆದವನು ಹಾಗೇ ನುಂಗಿಕೊಂಡು ಲೋಕಲ್ ಹಿಡಿದು ಹೋಗಿದ್ದ.

*

ಐದು ವರ್ಷದ ಹಿಂದೆ, ಐವತ್ತೊಂದರಲ್ಲಿ, ಅವಳು ಮುಂಬಯಿಗೆ ಬಂದು ಎಂಟು ದಿನ ಆಗಿತ್ತು. ಮಾಲಕ ಕೆರೆಗೆ ಹೊರಟಾಗ ದಾನಪ್ಪ ಅವಳನ್ನೂ ಕರೆದೊಯ್ದ. ಚಿತ್ರದಲ್ಲಿ ಅಷ್ಟು ದೊಡ್ಡ ನೀರಿಗೆ ಒಂದು ಅಳತೆ ಇರಲೆಂದು ಮಾಲಕ ಗಂಡಹೆಂಡತಿಯನ್ನು ದಂಡೆಯಲ್ಲಿ ನಿಲ್ಲಿಸಿದ. ರಾಚವ್ವ ನಾಚಿ ನೆಲ ನೋಡಿದಳು. ದಾನಪ್ಪ ಅವಳ ಸೆರಗಿನ ತುದಿಯನ್ನು ಯಾರಿಗೂ ಕಾಣದ ಹಾಗೆ ಹಿಡಿದುಕೊಂಡಿದ್ದ. ಊರಲ್ಲಾಗಿದ್ದರೆ ಮಂದಿ ಆಡಿಕೊಳ್ಳುತ್ತಿದ್ದರು. ಆ ದಿನದ ಸಂತೋಷವನ್ನು ಅವಳು ಆಮೇಲೆ ಇನ್ನೊಮ್ಮೆ ಕಾಣಲಿಲ್ಲ.

ಈ ವರ್ಷದ ಜನವರಿಯಲ್ಲಿ ಅವನ ಕೆಲಸ ಹೋಯಿತು. ಯಾವುದೋ ಕ್ಯಾಲೆಂಡರಿನ ಚಿತ್ರ ಕೆಡಿಸಿದೆ, ಕಣ್ಣು ಮಂದಾಗಿವೆ ಎಂದಷ್ಟೇ ಹೇಳಿದ. ಬೇರೆ ಸ್ಟುಡಿಯೋದವರೂ ಸೇರಿಸಲಿಲ್ಲ. ಕೆಮ್ಮುತ್ತ ಹೊಸ್ತಿಲ ಮೇಲೆ ಕೂತಿರುತ್ತಿದ್ದ. ರಾಚವ್ವನಿಗೆ ಕಂಡವರ ಮನೆ ಪಾತ್ರೆ ತಿಕ್ಕಿ ತಿಕ್ಕಿ ರೋಸಿಹೋಗಿತ್ತು. "ಕಣ್ಣಿಲ್ಲದವನ್ನ ಕಟಗೊಂಡು ನನ್ನ ಬಾಳೇ ಕುರುಡಾತು" ಎಂದುಬಿಟ್ಟಳು ಒಮ್ಮೆ.

*

ನಾಲ್ಕಾಯಿತು. ಸ್ವಾಮಿಗಳು ಮಂತ್ರ ಮುಗಿಸಿದರು. ಅವಳ ಕಣ್ಣು ಚಾಳಿನ ಮೆಟ್ಟಿಲ ಮೇಲೇ ನೆಟ್ಟಿತ್ತು. ಹೆಣ ಎತ್ತಲು ಬಂದವರಿಗೆ ಅಡ್ಡ ನಿಂತಳು. ಇನ್ನೊಂದು ಗಳಿಗೆ ತಡೆಯಿರಿ ಎಂದು ಬೇಡಿಕೊಂಡಳು. ಪರಪ್ಪ ಗದರಿದ, ಆಮೇಲೆ ತಾನೂ ಅತ್ತ.

ಆಗ ಕೊರಗ ಬಂದ. ಏದುಸಿರು ಬಿಡುತ್ತ ಸುರುಳಿ ಸುತ್ತಿದ ಒಂದು ಹಾಳೆ ಕೊಟ್ಟ.

ರಾಚವ್ವ ಬಿಚ್ಚಿದಳು. ಪೊವಾಯಿ ಕೆರೆ. ಆ ಗುಡ್ಡ, ಆ ತಾಳೆಮರ, ಮೇಲೆ ಅಂದು ಇರದಿದ್ದ ಮೋಡಗಳು. ಅವರು ನಿಂತಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು.

"ನಾವೆಲ್ಲಿ?"

ಕೊರಗ ನೆಲ ನೋಡುತ್ತ ಹೇಳಿದ. ಕ್ಯಾಲೆಂಡರಿನ ಕಂಪನಿಯವರಿಗೆ ಖಾಲಿ ಕೆರೆ ಬೇಕಿತ್ತು. ದಂಡೆಯ ಮೇಲೆ ಯಾರೂ ಇರಬಾರದು, ಅಳಿಸಿಬಿಡು ಎಂದು ಮಾಲಕ ಈ ಪ್ಲೇಟನ್ನೇ ದಾನಪ್ಪನ ಕೈಗೆ ಕೊಟ್ಟ. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ದಾನಪ್ಪ ಒಂದು ಇಡೀ ದಿನ ಕೂತು ಇಬ್ಬರನ್ನೂ ಬ್ಲೇಡಿನಿಂದ ಕೆರೆದು ತೆಗೆದಿದ್ದ.

"ಅವರೇ ಅಳಿಸಿದ್ರಾ?"

"ಅಕ್ಕಾ, ನೀರು ನೋಡಿ" ಎಂದ ಕೊರಗ.

ದಂಡೆಯ ಕೆಳಗೆ, ನೀರಿನೊಳಗೆ, ಎರಡು ಪ್ರತಿಬಿಂಬಗಳು ಹಾಗೇ ಉಳಿದಿದ್ದವು. ಕಾಲು ಮೇಲೆ, ತಲೆ ಕೆಳಗೆ.

"ಕ್ಯಾಲೆಂಡರ್ ಅಚ್ಚಾಗಿ ಬಂದ ಮೇಲೆ ಕೆರೆಯಲ್ಲಿ ಭೂತ ಉಂಟು ಅಂತ ಜನ ನಗಾಡಿದ್ರು. ಕಂಪನಿಯವರು ಕಟ್ಟು ಕಟ್ಟೇ ವಾಪಸ್ ಕಳಿಸಿದ್ರು. ಅದಕ್ಕೇ ಕೆಲಸ ಹೋದದ್ದು. ಆದ್ರೆ ದಾನಪ್ಪಣ್ಣ ಮರೆತದ್ದಲ್ಲ ಅಕ್ಕಾ. ನೀರಿನಲ್ಲಿ ಉಳಿದುಂಟು ಅಂತ ನಾನೇ ತೋರಿಸಿದ್ದೆ. ‘ಕೊರಗಾ, ನನ್ನ ಕೈಲೆ ಅಷ್ಟೂ ಅಳಸಾಕ ಆಗೂದಿಲ್ಲ, ಇರಲಿ ಬಿಡು’ ಅಂದ್ರು. ನಿಮ್ಮತ್ರ ಹೇಳಬಾರದು ಅಂತ ಆಣೆ ಹಾಕಿಸಿದ್ರು."

ಹೇಳಿದ್ದರೆ ರಾಚವ್ವನೇನು ಮೆಚ್ಚಿಕೊಳ್ಳುತ್ತಿದ್ದಳೇ? ನೀರಿನ ನೆರಳಿಗಾಗಿ ಅನ್ನ ಕಳಕೊಂಡೆಯಾ ಎಂದು ಇನ್ನೂ ನಾಲ್ಕು ಮಾತು ಹೆಚ್ಚಿಗೆ ಅನ್ನುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅವಳಿಗೂ ಈಗ ಗೊತ್ತಾಯಿತು. ಗೋಡೆಗೆ ಆನಿಕೊಂಡು ಕೂತವನ ಮುಂದೆ ಕುಸಿದಳು.

ಪರಪ್ಪ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ನಾಲ್ವರು ದಾನಪ್ಪನನ್ನು ಎತ್ತಿ, ಹೊರಗೆ ಬಿದಿರಿನಲ್ಲಿ ಕಟ್ಟಿದ್ದ ವಿಮಾನದಲ್ಲಿ ಕೂಡಿಸಿದರು. ಚಾಳಿನ ಮಂದಿ ಹೆಗಲು ಕೊಟ್ಟರು.

ರಾಚವ್ವ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದಳು. ಹುಚ್ಚು ಹಿಡಿಯಿತೇನೋ ಎಂದು ಪಕ್ಕದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಈಗ ಮೋಡವೆಲ್ಲ ಕಾಲ ಕೆಳಗೆ ಹೋಗಿ ಇಬ್ಬರೂ ನೆಟ್ಟಗೆ ನಿಂತರು. ಅವಳ ಸೆರಗು ಕಂಡಿತು, ಸೆರಗು ಹಿಡಿದ ಅವನ ಕೈ ಕಂಡಿತು. ಅವನ ಕುತ್ತಿಗೆಯಿಂದ ಮೇಲೆ ಮಾತ್ರ, ಮುಖವಿರಬೇಕಾದಲ್ಲಿ, ನೀರಿನ ಅಲೆ ಒಡೆದು ನಾಲ್ಕಾರು ಬಿಳಿಯ ಗೆರೆಗಳಾಗಿದ್ದವು. ಮೆಟ್ಟಿಲಿಳಿಯುತ್ತಿದ್ದ ವಿಮಾನದತ್ತ ಒಮ್ಮೆ, ಆ ಗೆರೆಗಳತ್ತ ಒಮ್ಮೆ ನೋಡುತ್ತ, ಕಣ್ಣೆಲ್ಲಿ, ಮೂಗೆಲ್ಲಿ ಎಂದು ಅವಳು ಬೆರಳಿಟ್ಟು ಹುಡುಕತೊಡಗಿದಳು.