ಮೂರನೆಯ ಸಾಲಿನ ಹನಿ

ನಾನು ಒಂದು ಗಾಜಿನ ಬಿಲ್ಲೆ. ಕುಲುಮೆಯಲ್ಲಿ ಹುಟ್ಟಿದೆ. ಮೈಮೇಲೆ ವಿದ್ಯುತ್ ಹರಿಯುವ ತೆಳುವಾದ ಲೇಪ ಬಳಿದು, ಅಂಚೆಚೀಟಿಯಷ್ಟಕ್ಕೆ ಕತ್ತರಿಸಿ, ನನ್ನನ್ನು ತುಮಕೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ವೈಜಯಂತಿ ಎಂಬ ಸಂಶೋಧಕಿ ನನ್ನನ್ನು ಚಿಮಟದಲ್ಲಿ ಎತ್ತಿ, ಗಿರ್ರನೆ ತಿರುಗುವ ತಟ್ಟೆಯ ಮೇಲೆ ಕೂರಿಸಿದಳು.

ಅವಳದು ಹದದ ಕೆಲಸ. ಸೀಸದ ಲವಣಗಳನ್ನು ಕರಗಿಸಿ ನನ್ನ ಮೇಲೆ ಸುರಿಯುವಳು. ಅಯೋಡೈಡ್ ಹೆಚ್ಚಿದ್ದರೆ ಪದರ ಕಪ್ಪು. ಬ್ರೋಮೈಡ್ ಬೆರೆಸುತ್ತ ಹೋದರೆ ಕೆಂಪು, ಆಮೇಲೆ ಹಳದಿ. ಬಿಸಿಲಿನ ಯಾವ ಬಣ್ಣವನ್ನು ಹಿಡಿದು ವಿದ್ಯುತ್ ಮಾಡಬೇಕೋ ಅದಕ್ಕೆ ತಕ್ಕ ಬೆರಕೆ. ಪದರ ಗಟ್ಟಿಯಾಗಲು ಬಿಸಿ ತಟ್ಟೆಯ ಮೇಲೆ ನೀರು ಕುದಿಯುವಷ್ಟು ಕಾವು ಸಾಕು. ಆದರೆ ನಾನು ತಿರುಗುತ್ತಿರುವಾಗಲೇ ಇನ್ನೊಂದು ದ್ರವದ ಹನಿ ಸರಿಯಾದ ಗಳಿಗೆಗೆ ಬೀಳಬೇಕು. ಹಿಂದುಮುಂದಾದರೆ ಪದರ ಕೆಟ್ಟಿತು.

ಅವಳ ಹನಿ ತಪ್ಪುತ್ತಿರಲಿಲ್ಲ. ನಾನು ಕನ್ನಡಿಯಂತೆ ಹೊಳೆಯುವ ಕಪ್ಪಾದೆ.

ಅವಳ ಗುರು ಹಾಲಪ್ಪನವರು ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ ಕಣಮ್ಮ. ಆದ್ರೆ ಪ್ರಬಂಧದಲ್ಲಿ ಕೈಗುಣ ಅಂತ ಬರೆಯಕ್ಕಾಗುತ್ತಾ? ನಯಾಜ್ ಕೈಲೂ ಬರಲಿ. ಬರದಿದ್ರೆ ನಿನ್ನ ಪಿಎಚ್‌ಡಿ ಇಲ್ಲಿಗೇ ನಿಂತ ಹಾಗೆ."

ನಯಾಜ್ ಅವಳ ಜೊತೆಯ ಸಂಶೋಧಕ. ನನ್ನ ಪದರ ತೊಳೆದ, ಹೊಸದಾಗಿ ಲವಣ ಸುರಿದ, ಅವಳು ಬರೆದುಕೊಟ್ಟಿದ್ದ ಸಮಯಕ್ಕೆ ಫೋನು ನೋಡಿಕೊಂಡು ಹನಿ ಬಿಟ್ಟ. ನಾನು ಬೆಳ್ಳಗೆ ಮಂಕಾದೆ.

"ಅಕ್ಕಾ, ಮಜ್ಜಿಗೆ ರೆಡಿ. ಒಗ್ಗರಣೆ ನೀವು ಹಾಕ್ತೀರಾ?"

ವೈಜಯಂತಿ ನಗಲಿಲ್ಲ. ಮತ್ತೆ ತೊಳೆದರು, ಮತ್ತೆ ಮಜ್ಜಿಗೆ. ಅವಳು ನನ್ನನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಪದರ ಕೆಡುವ ಕಾರಣ ನನಗೆ ತಿಳಿದಿತ್ತು, ಹೇಳಲು ಬಾಯಿರಲಿಲ್ಲ.

ಕೊನೆಗೆ ಅವನು ಪಕ್ಕದಲ್ಲಿ ನಿಂತ. "ನೀವೇ ಮಾಡಿ, ನಾನು ನೋಡ್ತೀನಿ."

ತಟ್ಟೆ ತಿರುಗಿತು. ಹನಿ ಬಿತ್ತು.

"ಅಕ್ಕಾ, ನೀವು ಗಡಿಯಾರ ನೋಡ್ಲೇ ಇಲ್ಲ. ಹಾಡ್ತಿದ್ರಿ."

"ನಾನಾ? ಯಾವಾಗ?"

"ಈಗ. ಎಳೆದೂ ಎಳೆದೂ..."

ಅವಳ ಮುಖ ಕೆಂಪಾಯಿತು. ಅಜ್ಜ ಸಂಜೆ ದೀಪ ಹಚ್ಚಿ ಓದುತ್ತಿದ್ದ ಷಟ್ಪದಿ ಅದು. ಮೂರನೆಯ ಸಾಲು ಉದ್ದ. ಅಲ್ಲಿ ದನಿ ಎಳೆದು ನಿಲ್ಲುತ್ತದೆ. ನಿಂತಲ್ಲಿ ಅವಳ ಹನಿ. ಅವಳು ಬರೆದುಕೊಟ್ಟ ಸಮಯ ಮೊದಮೊದಲು ಗಡಿಯಾರ ನೋಡಿ ಗುರುತು ಹಾಕಿಕೊಂಡದ್ದು. ಆಮೇಲೆ ಕೈ ಗಡಿಯಾರವನ್ನು ಬಿಟ್ಟು ಅಜ್ಜನ ಹಿಂದೆ ಹೋಗಿತ್ತು.

ನಯಾಜ್ ಅವಳ ಹಾಡಿಗೆ ಗಡಿಯಾರ ಹಿಡಿದ. ಹನಿ ಬೀಳುವ ಸಮಯ ಬರೆದದ್ದಕ್ಕಿಂತ ಆ ಎಳೆತದಷ್ಟು ಹೆಚ್ಚು. ಆದರೂ ಫೋನಿಗೂ ನನಗೂ ಕಣ್ಣು ಓಡಾಡುವಷ್ಟರಲ್ಲಿ ಹನಿ ತಡವಾಗುತ್ತಿತ್ತು.

"ಹೇಳ್ಕೊಡಿ ಅಕ್ಕ, ನಾನೂ ಹಾಡ್ತೀನಿ."

ಶ್ರುತಿ ಎಲ್ಲೋ, ದನಿ ಎಲ್ಲೋ. ಆದರೆ ನಿಲ್ಲಬೇಕಾದಲ್ಲಿ ನಿಂತ. ಬಿಸಿ ತಟ್ಟೆಯ ಮೇಲೆ ನಾನು ನಿಧಾನಕ್ಕೆ ಕಪ್ಪಾದೆ. ಬಾಗಿದ ಎರಡು ಮುಖಗಳೂ ನನ್ನಲ್ಲಿ ಕಂಡವು. ವೈಜಯಂತಿಯ ಕಣ್ಣು ತುಂಬಿತ್ತು.

ಪ್ರಬಂಧಕ್ಕೆ ಹೊಸ ಸಮಯ ಹೋಯಿತು. ಷಟ್ಪದಿ ಹೋಗಲಿಲ್ಲ.

ಈಗ ನಾನು ಡ್ರಾಯರಿನ ಮೂಲೆಯಲ್ಲಿದ್ದೇನೆ. ತೇವಕ್ಕೆ ಪದರ ಹಳದಿಯಾಗಿದೆ. ಬಿಸಿಲು ಹಿಡಿಯುವ ಶಕ್ತಿ ಇಲ್ಲ. ಅವರಿಬ್ಬರೂ ಇಲ್ಲಿಂದ ಹೋದರು. ಮೇಲೆ ತಟ್ಟೆ ತಿರುಗುತ್ತದೆ. ಅಜ್ಜನನ್ನು ಕಾಣದ, ಅರ್ಥ ಕೇಳದ, ಹೊಸದಾಗಿ ಬಂದ ಯಾರದೋ ದನಿ ಮೂರನೆಯ ಸಾಲಿಗೆ ಬರುತ್ತದೆ, ಎಳೆಯುತ್ತದೆ. ನಯಾಜ್ ತಪ್ಪಿದ ಕಡೆಯಲ್ಲೇ ಶ್ರುತಿ ತಪ್ಪುತ್ತದೆ. ನಿಲ್ಲುತ್ತದೆ.

ನಾನು ಹನಿಗಾಗಿ ಕಾಯುತ್ತೇನೆ, ಅದು ನನ್ನ ಮೇಲೆ ಬೀಳುವುದಿಲ್ಲವೆಂದು ಗೊತ್ತಿದ್ದರೂ.