ನವಾಬನಿಗೆ ಹೊದೆಸಿದ ಗೋಣಿ

ಮಂಗಳೂರಲ್ಲಿ ಎಂಥ ಚಳಿ ಎಂದು ಕೇಳುವವರು ಬಂಗಲೆಯಲ್ಲಿ ಮಲಗುವವರು. ಬೋಳಾರದ ಹೊಳೆಬದಿಯಲ್ಲಿ ತೆಂಗಿನ ಮಡಲಿನ ಲಾಯದೊಳಗೆ ನಿಂತ ಇಪ್ಪತ್ತೆರಡು ವರ್ಷದ ಕುದುರೆ ನವಾಬನನ್ನು ಕೇಳಬೇಕು. ಧನು ತಿಂಗಳ ಮೂಡು ಗಾಳಿ ಅದರ ಮೊಣಕಾಲಿನೊಳಗೇ ಬಿಡಾರ ಹೂಡುತ್ತಿತ್ತು. ಬೆಳಗಿನ ಇಬ್ಬನಿ ಬೆನ್ನ ಮೇಲೆ ಹನಿಗಟ್ಟುತ್ತಿತ್ತು. ಜಟಕಾದ ನೂರ್ ಮುಹಮ್ಮದ್ ಅದನ್ನು ತನ್ನ ತಲೆಗೆ ಸುತ್ತುವ ಬಟ್ಟೆಯಿಂದಲೇ ಒರೆಸುತ್ತಿದ್ದ.

ಆ ವರ್ಷ ಅವನು ಗಾಳಿ ಬರುವ ಕಡೆಗೆ ಇನ್ನೊಂದು ಸಾಲು ಮಡಲು ಕಟ್ಟಿದ. ನೆಲಕ್ಕೆ ದಪ್ಪಗೆ ಬೈಹುಲ್ಲು ಹಾಸಿದ. ಹುರುಳಿ ಬೇಯಿಸಿ ಬಿಸಿ ಆರುವ ಮೊದಲೇ ತಿನ್ನಿಸಿ, ತೆಂಗಿನೆಣ್ಣೆ ಕಾಯಿಸಿ ಕಾಲು ನೀವಿದ. ಆದರೆ ಮನೆಯಲ್ಲಿದ್ದ ಒಂದೇ ಕಂಬಳಿ ಮಗಳು ಶರೀಫಾಳ ಬಾಣಂತನಕ್ಕೆ ಹೋಗಿತ್ತು. ಕುದುರೆ ರಾತ್ರಿಯೆಲ್ಲ ನಿಂತೇ ಇರುತ್ತಿತ್ತು. ಮಲಗಿದರೆ ಏಳಲಾಗದು ಎಂದು ಅದಕ್ಕೆ ಗೊತ್ತಿತ್ತು.

"ಎಂತ ಮಾರಾಯ," ಹಂಪನಕಟ್ಟೆಯ ಗಾಡಿ ನಿಲ್ಲುವಲ್ಲಿ ಬೋಜ ಕೇಳುತ್ತಿದ್ದ. ಅವನೂ ಜಟಕಾದವನೇ. "ನವಾಬರು ನಡ್ಕೊಂಡು ಬಂದದ್ದಾ, ನೀನು ಹೊತ್ಕೊಂಡು ಬಂದದ್ದಾ?"

"ಬಿಸಿಲು ಬಿದ್ದ ಮೇಲೆ ಅವನು ನಡೀತಾನೆ. ನಿನಗೆ ಕಳ್ಳಿನ ಗಡಂಗಿನಿಂದ ಹೊರಗೆ ಬಿದ್ದ ಮೇಲೆ ನಡೀಲಿಕ್ಕೆ ಆಗ್ತದಾ?"

ಕುದುರೆಗೆ ಹೊದೆಸಲು ಗೋಣಿ ತಂದವಳು ಪಕ್ಕದ ಮನೆಯ ಲೂರ್ಡ್ಸ್. ಹದಿನಾಲ್ಕು ವರ್ಷದಿಂದ ಗೇರುಬೀಜದ ಕಾರ್ಖಾನೆಯಲ್ಲಿ ಹುರಿದ ಬೀಜ ಒಡೆಯುವವಳು.

"ಬ್ಯಾರಿಗಳೇ, ಇದು ಉಂಟು ನೋಡಿ. ಕಾರ್ಖಾನೆಯಲ್ಲಿ ಬಿಸಾಡಿದ್ದು. ಎರಡು ಸೇರಿಸಿ ಹೊಲಿದಿದ್ದೇನೆ, ಮೂರು ಸಲ ಬೂದಿನೀರಲ್ಲಿ ಒಗೆದಿದ್ದೇನೆ."

"ನಿಮಗೆ ಯಾಕೆ ಬಾಯಮ್ಮ ಇಷ್ಟು ತೊಂದ್ರೆ?"

"ನನ್ನ ಹೆರಿಗೆಗೆ ಮಳೆಯಲ್ಲಿ ಎಳ್ಕೊಂಡು ಹೋದದ್ದು ಇವನೇ ಅಲ್ವಾ? ನಿಮಗೆ ದಾರಿ ತಪ್ಪಿತ್ತು, ಇವನಿಗೆ ತಪ್ಪಲಿಲ್ಲ."

ಅದು ಗೇರಿನ ಸಿಪ್ಪೆ ತುಂಬಿದ್ದ ಗೋಣಿ. ಸಿಪ್ಪೆಯ ಎಣ್ಣೆ ಚರ್ಮ ತಿನ್ನುತ್ತದೆಂದು ಲೂರ್ಡ್ಸ್‌ಗೆ ಹೇಳಬೇಕಾಗಿರಲಿಲ್ಲ. ಅದಕ್ಕಾಗಿಯೇ ಅವಳು ಒಣಗಿದ ಗೋಣಿಯನ್ನು ಅಂಗುಲ ಅಂಗುಲ ಮುಟ್ಟಿ ನೋಡಿದ್ದಳು. ಜಿಡ್ಡಿಲ್ಲ ಎಂದು ಕೈ ಹೇಳಿತು. ಆದರೆ ಆ ಕೈಯನ್ನು ಎಣ್ಣೆ ಹದಿನಾಲ್ಕು ವರ್ಷ ಸುಟ್ಟಿತ್ತು, ಸುಲಿದಿತ್ತು, ಮತ್ತೆ ಸುಟ್ಟಿತ್ತು. ಮರದ ತೊಗಟೆಯಂತೆ ಕಪ್ಪಾಗಿ ದಪ್ಪಗಟ್ಟಿದ ಅದಕ್ಕೆ ಜಿಡ್ಡೂ ಒಂದೇ, ಒಣಕಲೂ ಒಂದೇ. ಅವಳು ತನ್ನ ಕೈಯನ್ನು ನಂಬಿದಳು. ಅವನು ಅವಳನ್ನು ನಂಬಿದ.

ಮರುದಿನ ಬೆಳಿಗ್ಗೆ ನೂರ್ ಮುಹಮ್ಮದ್ ಅವಳ ಬಾಗಿಲು ತಟ್ಟಿದ. "ಬಾಯಮ್ಮ, ಮಲಗಿದ್ದ ಅವನು. ತಾನಾಗಿಯೇ ಎದ್ದ ಕೂಡ."

ಮೂರನೆಯ ಬೆಳಿಗ್ಗೆ ಗೋಣಿ ಎತ್ತಿದರೆ ಅದರೊಂದಿಗೆ ರೋಮವೂ ಬಂತು. ಬೆನ್ನಿನ ಬಿಸಿಗೆ ನೇಯ್ಗೆಯೊಳಗಿನ ಎಣ್ಣೆ ಕರಗಿ ಇಳಿದಿತ್ತು. ಬೆನ್ನೆಲುಬಿನುದ್ದಕ್ಕೂ ಗುಳ್ಳೆ. ಅವನು ಗಾಡಿ ಕಟ್ಟಲಿಲ್ಲ. ಹಗ್ಗ ಹಿಡಿದು ನಡೆಸಿಕೊಂಡೇ ಜಾನುವಾರು ಆಸ್ಪತ್ರೆಗೆ ಹೋದ. ಮುಲಾಮು ಕೇಳಲಿಕ್ಕೆ ಹೋದವನಿಗೆ ಅಲ್ಲಿ ಕುದುರೆಗಳ ಇನ್‌ಸ್ಪೆಕ್ಟರ್ ಸಿಕ್ಕಿದ.

"ಬರೆ ಹಾಕಿದ್ದಾ?"

"ಇಲ್ಲ ಸ್ವಾಮಿ. ಹೊದೆಸಿದ್ದು. ಚಳಿಗೆ."

"ಚಳಿಗಾ? ಮಂಗಳೂರಲ್ಲಿ?"

ಗುಮಾಸ್ತ ನಕ್ಕ. ಇನ್‌ಸ್ಪೆಕ್ಟರ್ ನಿಯಮ ಹೇಳಿದ. ಸಾಕಿದವನೇ ಹಿಂಸೆ ಮಾಡಿದ್ದರೆ ಪ್ರಾಣಿ ಸರಕಾರದ ವಶ. ದುಡಿಯಲಾಗದಷ್ಟು ಮುದಿಯಾಗಿದ್ದರೆ ಗುಂಡು. ಅರಿಯದೆ ಆದದ್ದೆಂದು ಕಂಡವರು ಸಾಕ್ಷಿ ಬರೆದುಕೊಟ್ಟರೆ ಮುಲಾಮಿನೊಂದಿಗೆ ಮನೆಗೆ. ಸಂಜೆಯೊಳಗೆ ಸಾಕ್ಷಿ ಬರಬೇಕು.

ಕಂಡವಳು ಒಬ್ಬಳೇ. ಸುದ್ದಿ ಸಿಕ್ಕಿ ಲೂರ್ಡ್ಸ್ ಕಾರ್ಖಾನೆಯಿಂದ ಓಡಿ ಬಂದಳು, ಎಣ್ಣೆ ತಾಗದಿರಲಿ ಎಂದು ಕೈಗೆ ಸವರಿಕೊಂಡಿದ್ದ ಬೂದಿ ಹಾಗೇ ಇತ್ತು.

"ಗೋಣಿ ಕೊಟ್ಟದ್ದು ನಾನು. ಒಗೆದದ್ದು ನಾನು. ಇವರಿಗೆ ಎಂತದೂ ಗೊತ್ತಿಲ್ಲ. ಬರೀರಿ."

ಗುಮಾಸ್ತ ಬರೆದ. ಸಹಿ ಬಾರದವಳ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದ. ಕಾಗದದ ಮೇಲೆ ಒಂದು ಕಪ್ಪು ಮುದ್ದೆ ಮೂಡಿತು. ಒರೆಸಿ ಮತ್ತೆ ಒತ್ತಿಸಿದ. ಎಡಗೈ. ಆಮೇಲೆ ಒಂದೊಂದಾಗಿ ಹತ್ತೂ ಬೆರಳು.

"ಗೆರೆ ಎಲ್ಲಿ ಇದರಲ್ಲಿ?"

"ಹೋಗಿದೆ ಸ್ವಾಮಿ."

"ಎಲ್ಲಿಗೆ ಹೋಗಿದೆ?"

"ಬೀಜದ ಒಟ್ಟಿಗೆ. ಹಡಗಿನಲ್ಲಿ."

"ತಮಾಷೆ ಮಾಡ್ಬೇಡ. ಗುರುತೇ ಇಲ್ಲದವಳ ಸಾಕ್ಷಿ ನಡೆಯುದಿಲ್ಲ," ಎಂದ ಇನ್‌ಸ್ಪೆಕ್ಟರ್.

ಕುದುರೆಯ ಬೆನ್ನಿನ ಗಾಯ ಅಳೆಯಲು ಅವನ ಕಿಸೆಯಲ್ಲಿ ಅಳತೆಪಟ್ಟಿ ಇತ್ತು. ಬರೆಯಲು ಅಚ್ಚು ಹಾಕಿದ ಫಾರಮು ಇತ್ತು, ಅದರ ಹಿಂದೆ ಒಂದು ಕಾಯಿದೆ ಇತ್ತು. ಅದೇ ಎಣ್ಣೆ ತಿಂದುಹಾಕಿದ ಹತ್ತು ಬೆರಳು ಅವನ ಮೇಜಿನ ಮೇಲೆ, ಅವನ ಕಣ್ಣೆದುರೇ ಇದ್ದವು.

"ಕೈ ತೆಗಿ," ಎಂದ ಅವನು. "ಕಾಗದಕ್ಕೆ ಮಸಿ ತಾಗ್ತದೆ."

ಹೊರಗೆ ನೂರ್ ಮುಹಮ್ಮದ್ ಕುದುರೆಯ ಹಗ್ಗ ಹಿಡಿದು ನಿಂತಿದ್ದ. "ನಾನು ಕೊಂದೆ ಬ್ಯಾರಿಗಳೇ," ಎಂದಳು ಅವಳು. "ನಿಮ್ಮ ಕೈ ಕೊಂದವರು ಯಾರು ಬಾಯಮ್ಮ?" ಎಂದ ಅವನು. "ಅವರನ್ನು ಮೊದಲು ಕರೀಲಿ."

ಯಾರನ್ನೂ ಕರೆಯಲಿಲ್ಲ. ನವಾಬನನ್ನು ಆಸ್ಪತ್ರೆಯಲ್ಲೇ ಕಟ್ಟಿ, ಬೆಳಿಗ್ಗೆಗೆ ಗುಂಡು ಎಂದು ಬರೆದರು. ಮರುದಿನ ಏಳು ಗಂಟೆಗೆ ಲೂರ್ಡ್ಸ್ ಕಾರ್ಖಾನೆಯ ನೆಲದಲ್ಲಿ ಕುಳಿತು ಬೀಜ ಒಡೆಯುತ್ತಿದ್ದಳು. ಇನ್ನೊಂದು ಹೊತ್ತು ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತೇವೆ ಎಂದಿದ್ದರು. ಅದೇ ಹೊತ್ತಿಗೆ ನೂರ್ ಮುಹಮ್ಮದ್ ಬಿಸಿ ಎಣ್ಣೆಯ ಗಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಆಸ್ಪತ್ರೆಯ ಹಿತ್ತಲಿಗೆ ಬಂದ. ನವಾಬ ಇಬ್ಬನಿಯಲ್ಲಿ ನೆನೆದು ನಿಂತಿತ್ತು. ಕಾಲು ಮರಗಟ್ಟಿತ್ತು. ಅವನ ವಾಸನೆ ಸಿಕ್ಕಿದ್ದೇ ಕಿವಿ ಮುಂದೆ ಮಾಡಿತು.

"ಇನ್ನು ಎಂತಕ್ಕೆ ಮಾರಾಯ ಎಣ್ಣೆ?" ಜವಾನ ಕೇಳಿದ.

"ಕಾಲು ಹಿಡಿದಿದೆ. ಹಾಗೇ ಎಳೆದರೆ ನೋವಾಗ್ತದೆ."

ಅವನು ನೆಲದಲ್ಲಿ ಕುಳಿತು ಒಂದೊಂದೇ ಮೊಣಕಾಲು ನೀವಿದ. ಮುಟ್ಟಿದ್ದು ತಿಳಿಯುವ ಕೈಗಳಿಂದ, ಅವಸರವಿಲ್ಲದೆ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿದ. ಬಿಸಿಲು ಗೋಡೆ ಹತ್ತಿ ಇಳಿದು ಕುದುರೆಯ ಕಾಲಿಗೆ ಬಂದಾಗ ನೂರ್ ಮುಹಮ್ಮದ್ ಎದ್ದು ಹಗ್ಗ ಬಿಚ್ಚಿದ. ಹಿತ್ತಲ ಮೂಲೆಯಲ್ಲಿ ತೋಡಿಟ್ಟ ಗುಂಡಿಯ ಬಳಿಗೆ ನವಾಬ ಒಂದಿಷ್ಟೂ ಕುಂಟದೆ, ತಲೆಯೆತ್ತಿ, ಅವನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯಿತು.

"ಚಂದ ನಡೀತದಲ್ಲ ಇದು," ಎಂದ ಜವಾನ.

"ಹೌದು," ಎಂದ ನೂರ್ ಮುಹಮ್ಮದ್. "ಬೆಚ್ಚಗೆ ಇದ್ದರೆ ನಡೀತಾನೆ."