ಕುದುರೆ ಇಳಿದವನು

ಕುದುರೆಯಿಂದ ಇಳಿದವನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲಿಂದ ಬಂದೆ, ಯಾರ ಮಗ, ಹೆಂಡತಿ ಎಲ್ಲಿ, ಏನೂ ಇಲ್ಲ. ಅವನು ಟೋಪಿಯ ಧೂಳು ಕೊಡವಿ ಹೆಂಡದಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಹೋದ.

ಕೇಬಲ್ ಬಂದ ಮೇಲೆ ಅರಸೀಕೆರೆಯ ಆ ಟಾಕೀಸಿಗೆ ಬರುವವರೇ ಕಡಿಮೆ. ಬೆಳಗಿನ ಆಟಕ್ಕೆ ಹಳೆಯ ಇಂಗ್ಲಿಷ್ ಚಿತ್ರ. ಪ್ರಿಂಟಿನ ತುಂಬ ಗೀರು. ಹಿಂದಿನ ಸಾಲಿನವರು ಕಡಲೆಕಾಯಿ ಬಿಡಿಸುತ್ತ ಗುಂಡು ಹಾರುವುದನ್ನೇ ಕಾಯುತ್ತಿದ್ದರು. ಇಂದುಧರ ಬಂದದ್ದು ಗುಂಡಿಗಲ್ಲ, ಪರದೆಯ ಮೇಲಿನ ಆ ಬಯಲಿಗೆ. ಎಷ್ಟೊಂದು ಆಕಾಶ, ಅದರಡಿ ಮನುಷ್ಯ ಬೆರಳುದ್ದ.

ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಅವನು ಈ ಗುರುವಾರ ರಜೆ ಹಾಕಿದ್ದು ಸಿನಿಮಾಕ್ಕಲ್ಲ. ಬೇಲೂರಿಗೆ ಹೋಗಿ, ತವರು ಸೇರಿದ ಹೆಂಡತಿಯನ್ನು ಕರೆತರಬೇಕಿತ್ತು.

"ಬರೋದಾದ್ರೆ ಗುರುವಾರ ಬನ್ನಿ," ಎಂದಿದ್ದಳು ದಿವ್ಯಶ್ರೀ ಫೋನಿನಲ್ಲಿ. "ಆಮೇಲೆ ಬರಬೇಡಿ."

"ನೋಡ್ತೀನಿ."

"ಏನ್ ನೋಡ್ತೀರ? ಮದುವೆ ಆದಾಗಿಂದ ಅದನ್ನೇ ಅಂತಿದೀರ."

ಲೈನ್ ಸರಿಯಿಲ್ಲ ಎಂದು ಅವನು ಫೋನಿಟ್ಟಿದ್ದ. ಲೈನ್ ಸರಿಯಾಗೇ ಇತ್ತು.

ಚಿತ್ರದ ಕೊನೆಯಲ್ಲಿ ಸವಾರ ಊರನ್ನು ಉಳಿಸಿ ಕುದುರೆ ಹತ್ತಿದ. ಬಾಗಿಲಲ್ಲಿ ನಿಂತ ಹೆಂಗಸನ್ನು ತಿರುಗಿ ಸಹ ನೋಡಲಿಲ್ಲ. ಹಿಂದೆ ಯಾರೋ ಸಿಳ್ಳೆ ಹಾಕಿದರು. ಇಂದುಧರ ದೀಪ ಹತ್ತುವ ಮೊದಲೇ ಎದ್ದು ಹೊರಬಂದ.

ಬೇಲೂರಿನ ಬಸ್ ಹತ್ತಿದ. ಜಾವಗಲ್ ದಾಟಿದ ಮೇಲೆ ಕಿಟಕಿಯಾಚೆ ಹೊಲಗಳು ಬೋಳಾಗಿ ಬಿದ್ದಿದ್ದವು. ಯಾವುದೋ ಹಳ್ಳಿಯಲ್ಲಿ ಇಬ್ಬರು ಇಳಿದರು. ಅವರ ಹಿಂದೆ ಅವನೂ ಇಳಿದ.

"ಸಾರ್, ಬೇಲೂರು ಇನ್ನೂ ಮುಂದೈತೆ," ಎಂದ ಕಂಡಕ್ಟರ್.

"ಗೊತ್ತು."

ಬೀದಿಯ ನಟ್ಟನಡುವೆ, ಆ ಸವಾರನ ಹಾಗೆ ತೋಳುಗಳನ್ನು ಮೈಯಿಂದ ಕೊಂಚ ದೂರವಿಟ್ಟುಕೊಂಡು ನಡೆದ. ಮೈ ಹಗುರಾಗಿತ್ತು. ನಾಲ್ಕು ಮನೆ ದಾಟಿರಲಿಲ್ಲ.

"ಯಾರ ಮನೆಗಪ್ಪಾ?" ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಕೇಳಿದಳು.

"ಸುಮ್ನೆ..."

"ಸುಮ್ನೆ ಅಂದ್ರೆ ಯಾರ ಮನೆಗೆ?"

ಬಾಯಿಗೆ ಬಂದ ಹೆಸರು ಹೇಳಿದ. "ಮರಿಯಣ್ಣೋರ ಮನೆಗೆ."

"ನಮ್ ಪಕ್ಕದ್ ಮನೆ ಮರಿಯಣ್ಣನಾ!" ಮುದುಕಿ ಎದ್ದು ಬಂದು ಅವನ ಮುಖ ಹತ್ತಿರದಿಂದ ನೋಡಿದಳು. "ಅವನಿಗೆ ನೀನೇನಾಗ್ಬೇಕು?"

ಇಂದುಧರ ಬಸ್ಸು ಹೋದ ದಾರಿಯತ್ತ ತಿರುಗಿ ನೋಡಿದ.

"ತಂಗಿ ಮಗ ಇರ್ಬೇಕು. ಮೂಗು ಹಂಗೇ ಐತೆ. ನಿಮ್ಮವ್ವ ಸತ್ಮೇಲೆ ಈ ಕಡೆ ತಲೇನೇ ಹಾಕ್ಲಿಲ್ವಲ್ಲೋ."

ಅಲ್ಲ ಎನ್ನಬಹುದಿತ್ತು. "ಹೂಂ," ಎಂದ.

ಬೀಗ ಹಾಕಿದ್ದ ಪಕ್ಕದ ಮನೆಯ ಜಗುಲಿಯಲ್ಲಿ ಅವನನ್ನು ಕೂರಿಸಿ, ನೀರು ಬೆಲ್ಲ ಕೊಟ್ಟಳು. "ಹೊಲಕ್ಕೆ ಹೋಗವ್ನೆ, ಬತ್ತಾನೆ. ಒಬ್ನೇ ಅವ್ನೆ. ನಿನ್ನ ಅದೆಷ್ಟು ನೆನೆಸ್ಕಂಡನೋ."

ಹೊತ್ತು ಇಳಿಯಿತು. ಬೇಲೂರಿನ ಇನ್ನೊಂದು ಬಸ್ಸು ನಿಂತು, ಹಾರನ್ ಹೊಡೆದು, ಹೊರಟಿತು. ಅವನು ಏಳಲಿಲ್ಲ.

ಬೀದಿಯ ತುದಿಯಲ್ಲಿ ಹುಲ್ಲಿನ ಹೊರೆ ಹೊತ್ತವನೊಬ್ಬ ಕಾಣಿಸಿದ. ಜೋಲುಬಿದ್ದ ಹುಲ್ಲು ಮುಖವನ್ನು ಪೂರ್ತಿ ಮುಚ್ಚಿತ್ತು.

"ಲೇ ಮರಿಯಣ್ಣ," ಮುದುಕಿ ಕೂಗಿದಳು, "ಬಂದವ್ನೆ ಕಣ್ಲಾ!"

ಹೊರೆ ಒಂದು ಗಳಿಗೆ ನಿಂತಿತು. ಆಮೇಲೆ ಇಂದುಧರನ ಕಡೆಗೆ ಓಡತೊಡಗಿತು.